ನೀರಿನ ಕಡೆ

ಮದ್ದೂರು ದಾಟಿ, ಉಪನಾಲೆಯ ಏರಿಯ ಮೇಲೆ
ಸ್ಕೂಟರ್ ನಿಲ್ಲಿಸಿ ಟ್ಯಾಬ್ ತೆರೆದೆ.
ಆರು ತಿಂಗಳ ಕೆಲಸ: ನಾಲೆ ನೀಲಿ, ತೂಬು ಕೆಂಪು,
ಗದ್ದೆಗಳಿಗೆ ಸರ್ವೆ ನಂಬರಿನ ಸಣ್ಣ ಸಣ್ಣ ಮನೆ.
ಮುಟ್ಟಿದರೆ ಸರದಿಯ ದಿನ, ಗಂಟೆ, ಎಲ್ಲ ಹೇಳುತ್ತದೆ.

ನೀರುಗಂಟಿ ಜವರಪ್ಪ ಟವಲಿಗೆ ಕೈ ಒರೆಸಿಕೊಂಡು
ಬಹಳ ಹೊತ್ತು ನೋಡಿದ.
"ಎಲ್ಲಾ ಚೆಂದಾಗದೆ ಕನವ್ವ.
ನೀರ ಮ್ಯಾಕೆ ಹತ್ತಿಸಿದ್ದೀಯಲ್ಲ, ಅದೊಂದು ತಿಳೀನಿಲ್ಲ."

ಉತ್ತರ ಯಾವಾಗಲೂ ಮೇಲಿರುತ್ತೆ ಅಂದೆ,
ಈ ನಾಲೆ ಹರಿಯುವುದು ಉತ್ತರಕ್ಕೆ, ಅದಕ್ಕೇ...
"ಯಾರೇಳಿದ್ದು?"
ಮೈಸೂರಿನ ಕಾಲೇಜು, ಪುಸ್ತಕ, ಉಪಗ್ರಹ,
ಯಾರ ಹೆಸರು ಹೇಳಲೂ ನಾಲಗೆ ಹೊರಳಲಿಲ್ಲ.
ಅವನ ಮಾತಿನಲ್ಲಿ ಮೇಲೆ ಅಂದರೆ ನೀರು ಬರುವ ಕಡೆ,
ಕೆಳಗೆ ಅಂದರೆ ಹೋಗುವ ಕಡೆ.
ಮೂಡಲು ಪಡುವಲು ಬೇಕಾಗುವುದು ಬಾಗಿಲು ಇಡುವಾಗ.

ಎರಡು ಬೆರಳಿಟ್ಟು ನಕ್ಷೆಯನ್ನು ತಿರುವಿದೆ.
ಊರುಗಳು ಓಲಾಡಿದವು, ಹೆಸರುಗಳು ಎದ್ದು ನೆಟ್ಟಗೆ ಕೂತವು,
ದಿಕ್ಸೂಚಿಯ ಮುಳ್ಳು ಬಾವಲಿಯಂತೆ ತಲೆಕೆಳಗೆ ನೇತುಬಿತ್ತು.
"ಹ್ಞಾ, ಈಗ ಬತ್ತು ನೋಡು."

ಆಮೇಲೆ ಅವನನ್ನು ತಡೆಯಲಾಗಲಿಲ್ಲ.
ಹೆಬ್ಬೆರಳು ಊರಿದರೆ ನಾಲ್ಕೆಕರೆ ಭತ್ತ ಮುಚ್ಚಿಹೋಗುತ್ತಿತ್ತು,
ತೆಗೆದರೆ ಗಾಜಿನ ಮೇಲೆ ಒಂದು ಕೆಸರಿನ ಚಂದ್ರ.
ಹದಿನೇಳು-ಎಡ ಅಂತ ನಾನು ಬರೆದದ್ದು ಹುಣಸೇಮರದ ತೂಬು.
ಮರ ಎಲ್ಲಿ?
"ಅದೋಗಿ ನಮ್ಮಪ್ಪನ ಕಾಲ ಆಯ್ತು."
ಹತ್ತೊಂಬತ್ತು-ಬಲ, ನಿಂಗಾಜಮ್ಮ ಬಿದ್ದ ತೂಬು.
ಬಿದ್ದು?
"ಎದ್ಲು. ನಕ್ಕೊಂಡು ಮನೇಗೋದ್ಲು. ಹೆಸರು ಮಾತ್ರ ಅಲ್ಲೇ ನಿಂತ್ಕತು."
ನನ್ನ ಕಾಲಮ್ಮಿನಲ್ಲಿ ಜಾಗ ಹನ್ನೆರಡು ಚಿಹ್ನೆಗೆ;
ನಿಂಗಾಜಮ್ಮ ಬೀಳುವ ಮೊದಲೇ ಸಾಲು ಮುಗಿದಿತ್ತು.

ಅಂದು ರಾತ್ರಿ ಸರಸ್ವತಿಪುರಂನ ರೂಮಿನಲ್ಲಿ ಕೂತು
ಕಾಲಮ್ಮನ್ನು ಅಗಲ ಮಾಡಿದೆ.
ಒಂದು ಬಟನ್ ಸೇರಿಸಿದೆ, ಅದರ ಹೆಸರು: ನೀರಿನ ಕಡೆ.
ಒತ್ತಿದರೆ ನಕ್ಷೆ ಮೆಲ್ಲಗೆ ಸುತ್ತಿ
ಬರುವ ನೀರನ್ನು ತಲೆಯ ಮೇಲೆ ಹೊತ್ತು ನಿಲ್ಲುತ್ತದೆ.

ಮುಂದಿನ ವಾರ ನಾಲೆಯ ಕಟ್ಟಕಡೆಯ ಊರು.
ಡೈರಿಯ ಜಗಲಿಯ ಮೇಲೆ ಎಲ್ಲರಿಗೂ ತೋರಿಸಿದೆ,
ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.
ಹಾಲಿನ ಕ್ಯಾನು ಸೊಂಟಕ್ಕಿಟ್ಟ ಚಿಕ್ಕತಾಯಿ ಬಗ್ಗಿ,
ನೀಲಿ ಗೆರೆಯ ಜೊತೆ ಮೇಲಿಂದ ಇಳಿದಿಳಿದು
ಪರದೆಯ ಅಂಚಿಗೆ ಬಂದು ನಿಂತಳು.
"ಇದ್ರಲ್ಲೂ ನಾವೇ ಕೊನೇಗಾ?"

ಮೊದಲಿನ ನಕ್ಷೆಯಲ್ಲಿ ಅವಳ ಊರು ಎಲ್ಲಕ್ಕಿಂತ ಮೇಲಿತ್ತು.
ನಾನು ಹೇಳಲಿಲ್ಲ.
ಕ್ಯಾನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಅವಳೇ ಅಂದಳು:
"ಸರಿಯಾಗೇ ಅದೆ, ಬುಡು."