ತೋಳು ಇಪ್ಪತ್ತೊಂದು

ಸೈಕಲ್ಲು ಅರ್ಗಾದ ನೌಕಾನೆಲೆಯ ಹುಡುಗನದು.
ವಿಶಾಖಪಟ್ಟಣಕ್ಕೆ ವರ್ಗವಾಯಿತೆಂದು
ಎರಡೂವರೆ ಸಾವಿರಕ್ಕೆ ಬಿಟ್ಟುಕೊಟ್ಟ,
ಜೊತೆಗೊಂದು ಪಂಪು, ತುಕ್ಕುಹಿಡಿದ ಬೀಗ, ಕೀಲಿಯಿಲ್ಲ.

ಅವನ ಅಂಗಿ ಹೊಲಿದವಳು ನಾನೇ.
ಅಳತೆಪುಸ್ತಕದಲ್ಲಿ ಇನ್ನೂ ಇದ್ದಾನೆ:
ಎದೆ ನಲವತ್ತು, ತೋಳು ಇಪ್ಪತ್ತಾರು.
ಹಾಗಾಗಿ ಮೊದಲ ದಿನ ಕಾಳಿ ಸೇತುವೆಯ ಮೇಲೆ
ಹ್ಯಾಂಡಲ್ಲಿಗೆ ಜೋತುಬಿದ್ದು ಬರುವಾಗ
ಆಶ್ಚರ್ಯವೇನೂ ಆಗಲಿಲ್ಲ.
ಬೇರೆಯವರ ಅಂಗಿಯೊಳಗೆ ಹೊಕ್ಕವಳು ನಾನು.

ಸದಾಶಿವಗಡದಿಂದ ಕಾಜುಬಾಗ ಮುಟ್ಟುವಷ್ಟರಲ್ಲಿ
ಕತ್ತಿನ ಬುಡದಲ್ಲಿ ಗಂಟು.
ಅಂಗೈ ಜೋಮು. ಕತ್ತರಿ ಹಿಡಿದರೆ
ಹೆಬ್ಬೆರಳು ಬೇರೆ ಯಾರದೋ.

ಸುಂಕೇರಿಯ ಇನಾಸ ಮೊದಲು ಸೀಟನ್ನು ಮುಂದೆ ದೂಡಿದ.
‘ಆಯ್ತು ಬಾಯಿ, ಹೋಗಿ.’
ಎರಡೇ ದಿನ. ಮೊಣಕಾಲು ಮಾತಾಡತೊಡಗಿತು.
ಬಗಲು ಬಿಗಿ ಅಂದರೆ ಕೊರಳು ಕತ್ತರಿಸ್ತಾರಾ,
ಅಂದೆ ನಾನು. ಅವನಿಗೆ ನಗು ಬರಲಿಲ್ಲ;
ಸೀಟನ್ನು ಇದ್ದಲ್ಲಿಗೇ ತಂದ.

ಆಮೇಲೆ ನನ್ನ ಮೊಣಕೈಯನ್ನು ಸೀಟಿನ ಮೂಗಿಗೆ ಒತ್ತಿಸಿ
ಬೆರಳು ಚಾಚಿ ಎಂದ.
ಬೆರಳ ತುದಿಗೂ ಹ್ಯಾಂಡಲ್ಲಿಗೂ ನಡುವೆ
ಅವನ ನಾಲ್ಕು ಬೆರಳು ಅಡ್ಡ ಹಿಡಿಸಿದವು,
ಇನ್ನೂ ಜಾಗ ಉಳಿಯಿತು.
ಅಂಗಡಿಯಿಂದ ನೇರ ಬಂದವಳ ಕೊರಳಲ್ಲೇ ಟೇಪು.
ಮೂವತ್ತು ವರ್ಷದಲ್ಲಿ ಈ ತೋಳನ್ನು
ಯಾರೂ ಅಳೆದಿರಲಿಲ್ಲ, ನಾನೂ.
ಇಪ್ಪತ್ತೊಂದು.

‘ಉದ್ದ ಇರೋದು ಇದು’ ಎಂದು ತೋರಿಸಿದ:
ಹ್ಯಾಂಡಲ್ಲನ್ನು ಮುಂದಕ್ಕೆ ಚಾಚಿ ಹಿಡಿದ ಕೊಕ್ಕು,
ಹೆಸರು ಸ್ಟೆಮ್ಮು.
ಉಪ್ಪುಗಾಳಿ ಕುಡಿಕುಡಿದು
ಸೈಕಲ್ಲಿನ ಕುತ್ತಿಗೆಯೊಳಗೇ ಬೇರು ಬಿಟ್ಟಿತ್ತು.
ಸೀಮೆಎಣ್ಣೆ ಹನಿಸಿ ಒಂದು ರಾತ್ರಿ ಬಿಟ್ಟೆವು.
ಮರುದಿನ ಬೋಲ್ಟು ನಾಲ್ಕು ಸುತ್ತು ಸಡಿಲಿಸಿ
ಮೇಲೆ ಮರದ ತುಂಡಿಟ್ಟು ಒಂದು ಪೆಟ್ಟು.
ಇಲ್ಲ. ಎರಡು.
ಮೂರನೆಯದಕ್ಕೆ ಒಳಗೆಲ್ಲೋ ಟಕ್ಕೆಂದು ಏನೋ ಇಳಿಯಿತು.
ಇನಾಸ ನನ್ನ ಮುಖ ನೋಡಿದ,
ಕೊನೆಯ ದಾರ ಕಡಿದು
ನಾನು ಗಿರಾಕಿಯ ಮುಖ ನೋಡುವ ಹಾಗೆ.
ಚಕ್ರವನ್ನು ಮಂಡಿಗಳ ನಡುವೆ ಅವುಚಿ ತಿರುಚಿ ಎಳೆದ.
ಹಿಡಿಯ ರಬ್ಬರು ಕಳಚಿದಾಗ ಕಂಡೆ,
ಹುಡುಗನ ಅಂಗೈ ಸವೆಸಿದ ಗುರುತು,
ಬಲಗಡೆ ಹೆಚ್ಚು.

ಗುಜರಿಯ ರಾಶಿಯಲ್ಲಿ ಗಿಡ್ಡದೊಂದು ಸಿಕ್ಕಿತು,
ಯಾವುದೋ ಶಾಲೆ ಹುಡುಗಿಯ ಸೈಕಲ್ಲಿನದು,
ಅಂಚಿಗೆ ಗುಲಾಬಿ ಬಣ್ಣ ಇನ್ನೂ ಅಂಟಿತ್ತು.
ಕಪ್ಪು ಅಂಗಿಗೆ ಗುಲಾಬಿ ಕಾಲರು!
ಇರಲಿ, ಅಂದೆ.

ಹತ್ತಿದೆ. ಮೊಣಕೈ ಮಡಚಿತು.
ಕಿವಿಯ ತನಕ ಏರಿದ್ದ ಭುಜಗಳು
ಇಳಿದು ತಮ್ಮ ಜಾಗಕ್ಕೆ ಹೋದವು.
ಸೇತುವೆಯ ಮೇಲೆ ಮಾತ್ರ ಸೈಕಲ್ಲಿಗೆ ವಿಪರೀತ ಚುರುಕು,
ತಿರುಗಿಸಬೇಕು ಅಂದುಕೊಂಡರೆ ಸಾಕು
ತಿರುಗಿಬಿಡುತ್ತಿತ್ತು.
ಕಡಲ ಕಡೆಯ ಗಾಳಿ, ಹಿಂದೆ ಗೋವಾ ಬಸ್ಸಿನ ಹಾರ್ನು,
ಎರಡು ಸಲ ಕಟ್ಟೆಗೆ ಒರೆಸಿಕೊಂಡೇ ಹೋದೆ.
ಗಾಳ ಹಾಕಿ ನಿಂತಿದ್ದವನೊಬ್ಬ
ಕೊಂಕಣಿಯಲ್ಲಿ ಏನೋ ಅಂದ,
ಬೈಗುಳವೋ ಬುದ್ಧಿಮಾತೋ.
ಮೂರನೇ ದಿನ ಅದೇ ಜಾಗ, ಅದೇ ಮನುಷ್ಯ.
ನಾನು ಹಾದುಹೋದದ್ದನ್ನು ಅವನು ಗಮನಿಸಲೇ ಇಲ್ಲ.

ಒಂದು ಉಳಿದಿತ್ತು.
ಹ್ಯಾಂಡಲ್ಲು ಹತ್ತಿರ ಬಂದದ್ದಕ್ಕೆ ಬ್ರೇಕಿನ ತಂತಿ ಹೆಚ್ಚಾಗಿ
ಮುಂದೆ ದೊಡ್ಡ ಬಳೆಯಾಗಿ ತೂಗುತ್ತಿತ್ತು.
ಇನಾಸ ಇಕ್ಕಳ ಹಿಡಿದು ಕೇಳಿದ,
‘ಕತ್ತರಿಸ್ಲಾ ಬಾಯಿ? ಚೊಕ್ಕ ಕಾಣ್ತದೆ.’

ರವಿಕೆಯ ಬಗಲಲ್ಲಿ ಒಂದೂವರೆ ಇಂಚು
ಒಳಗೆ ಮಡಚಿ ಬಿಡುತ್ತೇನೆ ನಾನು,
ಯಾರೂ ಕೇಳದಿದ್ದರೂ.

ಬೇಡ, ಅಂದೆ.
ಚೀಲದಿಂದ ಕೆಂಪು ನೂಲು ತೆಗೆದು
ಸುತ್ತಿ ಕಟ್ಟಿದೆ,
ಎಳೆದರೆ ಬಿಚ್ಚುವ ಗಂಟು.