ತಮಾದಾನ ಹೆಂಡತಿ

ನಮ್ಮ ಕಾಖೇತಿಯಲ್ಲಿ ಔತಣಕ್ಕೊಬ್ಬ ಯಜಮಾನ ಬೇಕು,
ತಮಾದಾ ಅನ್ನುತ್ತೇವೆ.
ಅವನು ಮಾತಾಡುವ ತನಕ ಯಾರೂ ಕುಡಿಯುವ ಹಾಗಿಲ್ಲ,
ಮಾತಾಡಿದ ಮೇಲೆ ಯಾರೂ ಬಿಡುವ ಹಾಗಿಲ್ಲ.
ನಲವತ್ನಾಲ್ಕು ವರ್ಷ ಈ ಊರಿಗೆ ನನ್ನ ಎಲ್ಗುಜಾನೇ ತಮಾದಾ.
ದೇವರಿಗೊಂದು, ನೆಲಕ್ಕೊಂದು, ಹೆತ್ತವರಿಗೊಂದು.
ಸತ್ತವರ ಸರದಿ ಬಂದಾಗ
ಒಬ್ಬೊಬ್ಬರ ಹೆಸರನ್ನೂ ಬಿತ್ತನೆಕಾಳಿನಂತೆ ಎಣಿಸುತ್ತಿದ್ದ,
ಒಂದೂ ಜಾರಿದ್ದಿಲ್ಲ.

ಕುಡುಕ ಅನ್ನಬೇಡಿ.
ತೂರಾಡಿದ್ದು ನಾ ಕಂಡಿಲ್ಲ, ಕೈಯೆತ್ತಿದ್ದೂ ಇಲ್ಲ.
ಮಧ್ಯಾಹ್ನ ರೊಟ್ಟಿಯ ಜೊತೆ ಎರಡು ಲೋಟ, ರಾತ್ರಿ ಮೂರು,
ಯಾರಾದರೂ ಬಂದರೆ
(ಬಾರದ ದಿನ ಯಾವುದು?)
ಲೆಕ್ಕ ಬಿಡಿ.
ನಮ್ಮದೇ ದ್ರಾಕ್ಷಿ, ನೆಲದಲ್ಲಿ ಹೂತ ನಮ್ಮದೇ ಗುಡಾಣ.
ಇದು ಔಷಧಿ ಕಣೇ ಅನ್ನುವನು,
ನಾನೂ ಹೂಂಗುಟ್ಟುತ್ತಿದ್ದೆ.

ಮೊದಲು ಹೋದದ್ದು ನಿದ್ದೆ.
ಮೂರು ಗಂಟೆಗೆ ಎದ್ದು ಕೂತು
ನಾಯಿ ಬೊಗಳಿತಾ ಎಂದು ಕೇಳುವನು.
ನಾಯಿ ಸತ್ತು ಎರಡು ವರ್ಷ.
ಆಮೇಲೆ ಪಾದ. ರಬ್ಬರ್ ಚಪ್ಪಲಿ ಕಳಚಿದ್ದೂ ತಿಳಿಯದೆ
ಒಂದೇ ಕಾಲಿನ ಚಪ್ಪಲಿಯಲ್ಲಿ ತೋಟದಿಂದ ಬಂದ.
ನಕ್ಕುಬಿಟ್ಟೆ. ನಗಬಾರದಿತ್ತು.
ಗುಡಾಣ ತೊಳೆಯಲು ಒಳಗಿಳಿದವನು
ಮೇಲೇರಲಾಗದೆ ಅಲ್ಲಿಂದಲೇ ಕೂಗಿದ,
ಕೈಯಲ್ಲಿನ್ನೂ ಚೆರಿ ತೊಗಟೆಯ ಕುಂಚ.
ದನಿ ದೊಡ್ಡದಾಗಿ ಹೊರಬಂತು,
ಮನುಷ್ಯ ಚಿಕ್ಕವನಾಗಿ.

ತೆಲಾವಿಯ ಡಾಕ್ಟರು, ಮೊಮ್ಮಗಳ ವಯಸ್ಸಿನವಳು,
ಚೀಟಿಯ ಬೆನ್ನಿಗೆ ಬಾವಿಯೊಂದನ್ನು ಗೀಚಿದಳು:
"ಲೋಟ ಅದೇ ತಾತ, ಮೂವತ್ತರಲ್ಲಿ ಎತ್ತಿದ್ದೇ.
ಮೈಯೊಳಗಿನ ನೀರು ಇಳಿದಿದೆ.
ಅದೇ ಹಿಡಿ ಉಪ್ಪು, ಬಾವಿ ಬತ್ತುತ್ತ ಬಂದಿದೆ."
ಬಿ.ಪಿ. ಮಾತ್ರೆಗೂ ವೈನಿಗೂ ಆಗಿಬರದು ಎಂದಳು,
ಲಿವರಿನ ಅಂಕಿಗಳ ಕೆಳಗೆ ಗೆರೆ ಎಳೆದಳು.
ಇವನು ಎಲ್ಲಕ್ಕೂ ತಲೆಯಾಡಿಸಿ
ಅವಳ ಮೇಜಿನ ಮೇಲೊಂದು ಶೀಸೆ ಇಟ್ಟು ಬಂದ.

ಅಕ್ಟೋಬರಿನಲ್ಲಿ ಮೈದುನನ ಮಗನ ಮದುವೆ.
ಕೊಂಬು ಹಿಡಿದು ಎದ್ದು ನಿಂತ. ಸತ್ತವರ ಸರದಿ.
ಅವನ ಅಪ್ಪ ಬಂದ, ನನ್ನಪ್ಪ ಬಂದ,
ಯುದ್ಧಕ್ಕೆ ಹೋದ ಚಿಕ್ಕಪ್ಪಂದಿರು ಸಾಲಾಗಿ ಬಂದರು.
ಅಲ್ಲಿಗೆ ನಿಂತಿತು.
ನೂರಿಪ್ಪತ್ತು ಜನ ಲೋಟ ಎತ್ತಿಕೊಂಡೇ ಕಾದರು.
ಯಾವುದೋ ಮಗು ಚಮಚ ಬೀಳಿಸಿತು.
ಅವನು ನನ್ನತ್ತ ನೋಡಿದ,
ಬೀಗದ ಕೈ ಎಲ್ಲಿಟ್ಟೆ ಎಂದು ಕೇಳುವಾಗಿನ ನೋಟ.

"ಮಾಲ್ಖಾಜ್" ಅಂದೆ.
ನಮ್ಮ ಮಗ.

ಬಿಟ್ಟುಬಿಟ್ಟ ಎಂದು ಸುಳ್ಳು ಹೇಳಲಾರೆ.
ಮಧ್ಯಾಹ್ನದ ಎರಡು ಹೋಗಿದೆ, ರಾತ್ರಿ ಒಂದು ಉಳಿದಿದೆ.
ಕೊಂಬು ಈಗ ಮೈದುನನ ಮನೆಯಲ್ಲಿ.
ಮೊನ್ನೆ ಅಂಗಿ ಒಗೆಯುವಾಗ ಜೇಬಿನಲ್ಲೊಂದು ಕಾಗದ,
ನಡುಗುವ ಅಕ್ಷರ, ಬರೀ ಹೆಸರುಗಳು.
ಮಾಲ್ಖಾಜ್ ಎಲ್ಲರಿಗಿಂತ ಮೇಲೆ,
ಎರಡು ಸಲ ತಿದ್ದಿ ಬರೆದದ್ದು.
ಕಟ್ಟಕಡೆಗೆ ನಾಯಿಯ ಹೆಸರೂ ಇದೆ.