ಪಡೆದವರ ಸಹಿ

ಎರಡು ಕಿಲೋ ತೂಕ, ಖಾಕಿ ಕಾಗದ,
ಒಂದು ಮೂಲಿ ಮಳಿಗೆ ನೆಂದು ಮೆತ್ತಗಾಗಿರತೈತಿ.
ನೇಸರಗಿಯಿಂದ ಚೀಲ ಬಂದ ದಿನ
ಕಣ್ಣು ಓದೂಕಿಂತ ಮೊದಲ ಕೈಗೆ ತಿಳೀತೈತಿ:
ಇದು ಲಗ್ನಪತ್ರಿಕಿ ಅಲ್ಲ, ಬ್ಯಾಂಕಿನ ನೋಟೀಸಲ್ಲ,
ಇದು ಬಿ.ಎ. ಮೊದಲನೇ ವರ್ಷ.

ಹನ್ನೊಂದು ವರ್ಷ ಆತು,
ಮಂದಿ ಕಾಲೇಜು ಮಂದಿ ಮನಿಗೆ ಮುಟ್ಟಿಸಿಕೋತ ಬಂದೀನಿ
ಕ್ಯಾರಿಯರಿಗೆ ರಬ್ಬರ್ ಹಗ್ಗ ಬಿಗದು.

ಕಸ್ತೂರಿ ಹಡಪದ ಇತಿಹಾಸ ತಗೊಂಡಾಳ.
ಹೊಲಿಗಿ ಮಷೀನಿನ ಖಾನೆದಾಗಿನ ಬಾಬಿನ್ ಅತ್ತ ಸರಿಸಿ
ಅಲ್ಲಿ ಪುಸ್ತಕ ಇಟ್ಟಾಳ.
ಜಂಪರಿನ ತೋಳಿಗೂ ಶಾತವಾಹನರಿಗೂ
ಒಂದ ಸೀಸದಕಡ್ಡಿ.

ನಿಂಗೋಜಿ ಪತ್ತಾರಂದು ಸಕ್ರಿ ಕಾರ್ಖಾನಿ, ರಾತ್ರಿ ಪಾಳಿ.
ಹಗಲು ಹನ್ನೆರಡಕ್ಕ ಬಾಗಲಾ ಬಡದ್ರ
ಕಣ್ಣು ಮುಚ್ಚಿಕೊಂಡ ಸಹಿ ಮಾಡಿ
ಅರ್ಥಶಾಸ್ತ್ರ ತಲಿ ಕೆಳಗ ಇಟಗೊಂಡು ಮತ್ತ ಮಲಗಿದ.
ಮೂರು ಸಲ ಕುಂತು ಪಾಸಾದ ಅಂತ ಆಮ್ಯಾಲ ಕೇಳಿದೆ.
ತಲಿದಿಂಬ ಗಟ್ಟಿ ಇತ್ತು, ಅಷ್ಟ.

ಮಾಲನಬಿ ನದಾಫಳದು ಬಿ.ಕಾಂ.
ಬಗಲಾಗಿನ ಕೂಸು ನನ್ನ ಪೆನ್ನಿಗೆ ಕೈ ಹಾಕಿತ್ತು.
ಒಳಗಿಂದ ಅತ್ತಿ, "ಏನ ಅದು, ಅಷ್ಟ ಭಾರ?"
"ಗಾದಿ ಹೊಲಿಯೋ ದಾರರೀ" ಅಂದಳು.
"ಹೌದರೀ, ದಾರ" ಅಂದೆ ನಾನೂ.
ಸರಕಾರಿ ಮನಷಾ, ಸುಳ್ಳಿಗೆ ಮುದ್ರಿ ಒತ್ತಿ ಬಂದೆ.
ಮರುವರ್ಷ ಸಂತಿಯೊಳಗ ಆ ಮುದುಕಿ ನನ್ನ ತಡದು ನಿಲ್ಲಿಸಿ,
ಸುತ್ತಮುತ್ತ ನೋಡಿ, ಸಣ್ಣ ದನಿಲೆ:
"ಯಾಕೋ ಅಡಿವೆಪ್ಪಾ, ಎರಡನೇ ವರ್ಷದ ದಾರ
ಇನ್ನೂ ಬರಲಿಲ್ಲಲ್ಲಾ?"

ಕಟ್ಟಿನ ಮ್ಯಾಲ ದೊಡ್ಡ ಅಕ್ಷರದಾಗ
ದೂರಶಿಕ್ಷಣ ಅಂತ ಅಚ್ಚು ಹಾಕಿರತಾರ.
ಎಷ್ಟು ದೂರ ಅಂತ ಬರದಿರೂದಿಲ್ಲ.
ನನ್ನ ಸೈಕಲ್ ಕೇಳ್ರಿ, ಹೇಳತೈತಿ:
ಏಳು ಕಿಲೋಮೀಟರ್, ಒಂದು ಹಳ್ಳ,
ಗಿರಣಿ ಮುಂದಿನ ಎರಡು ನಾಯಿ.

ನಾನೂ ಕಾಲೇಜ ಕಂಡಾವನ.
ಬೈಲಹೊಂಗಲದಾಗ, ಎಂಟು ತಿಂಗಳು.
ಒಂಬತ್ತನೇ ತಿಂಗಳಿಗೆ ಅಪ್ಪನ ಅಂಚೆ ಚೀಲ
ನನ್ನ ಹೆಗಲಿಗೆ ಬಂತು. ಅದರ ಪಟ್ಟಾ
ಅವನ ಅಳತಿಗೆ ಇತ್ತು, ಇನ್ನೂ ಹಂಗ ಐತಿ.

ಈ ಸಲ ಜುಲೈದಾಗ ಚೀಲ ಬಿಚ್ಚಿ ವಿಂಗಡಿಸೂ ಮುಂದ
ಮೂರು ಕಟ್ಟು. ಎರಡು ಗುರತಿನವು.
ಮೂರನೇದ್ದು: ಅಡಿವೆಪ್ಪ ಮ. ಹೂಲಿಕಟ್ಟಿ.
ಅರ್ಜಿ ತುಂಬಿದಾವ ನಾನ, ರೊಕ್ಕ ಕಟ್ಟಿದಾವ ನಾನ,
ಆದ್ರೂ ಯಾರಿಂವ ಅಂತ ಎರಡು ಸಲ ಓದಿದೆ.

ಊರೆಲ್ಲ ತಿರಗಿ ಕಡೀಕ ನನ್ನ ಮನಿಗೆ ಹೋದೆ.
ನಿಯಮ ಅಂದ್ರ ನಿಯಮ: ವಿಳಾಸದಾರನ ಕೈಯಾಗ ಕೊಡಬೇಕು.
ಚಿಲಕ ಬಡದೆ. ಹೆಂಡತಿ ಬಂದು
"ನಿಮ್ಮ ಮನಿಗೆ ನೀವ ಬಾಗಲಾ ಬಡೀತೀರಲ್ಲಾ!" ಅಂದಳು.
ಮುಟ್ಟಿಸಿದವರು ಅನ್ನೂಕಡೆ ಸಹಿ, ರೂಢಿ ಕೈ, ಓಡಿತು.
ಪಡೆದವರು ಅನ್ನೂಕಡೆ
ಪೆನ್ನು ನಿಂತಬಿಟ್ಟಿತು.
ಇಷ್ಟು ವರ್ಷದಾಗ ಹೊಸ್ತಿಲದ ಆ ಕಡೆ
ನಾ ಎಂದೂ ನಿಂತಿರಲಿಲ್ಲ.

ಆಯಿತವಾರ ಬೆಳಗಾವಿ. ಜಿಟಿಜಿಟಿ ಮಳಿ, ಕಾಲೇಜ ರೋಡ,
ಎರಡನೇ ಮಜಲಿನ ಖೋಲಿ, ಹೊರಗ ಹಸಿ ಛತ್ರಿಗಳ ಸಾಲು.
ಮೂರನೇ ವರ್ಷದ ಕ್ಲಾಸಿನ ಮುಂದ ಕಸ್ತೂರಿ.
ನನ್ನ ಕೈಯಾಗಿನ ಕಟ್ಟು ನೋಡಿ ಅಲ್ಲಿಂದ ಕೂಗಿದಳು:
"ಅಣ್ಣಾ, ಇಲ್ಲೀತನಾ ಬಂದಿ? ಯಾರದು ಅದು?"

"ನಂದ" ಅಂದೆ.
ಗಂಟಲಿಗೆ ಸಿಕ್ಕೊಂಡು, ಎರಡನೇ ಸಲಕ್ಕ ಹೊರಗ ಬಂತು.

ಹಿಂದಿನ ಬೆಂಚ ಸಿಕ್ಕಿತು.
ಮಾಸ್ತರು ಹಾಜರಿ ಕರಿಯಾಕತ್ತಿದ್ದರು.
ಬೆಂಚಿನ ಕೆಳಗ ನನ್ನ ಕಾಲು
ಪೆಡಲ್ ಹುಡಕಾಕತ್ತಿದ್ದವು.